1470 ಮತ್ತು 840

ಕಳೆದ ತಿಂಗಳು ಜೋರು ಮಳೆಗೆ ಕಲೆಕ್ಟರ್ ರಜೆ ಕೊಟ್ಟ ದಿನ. ತಂಗಿಯ ಮಗ ಬದಿಯಡ್ಕದಿಂದ ಪೆರ್ಲದ ನಮ್ಮ ಮನೆಗೆ ಬಂದಿದ್ದ. ಎಂಟನೇ ಕ್ಲಾಸು. ಜಗಲಿಯಲ್ಲಿ ಕೂತು ಇಡೀ ದಿನ ಮೊಬೈಲಿನಲ್ಲಿ ಚೆಸ್. ಸಂಜೆ ಹೊತ್ತಿಗೆ ಮುಖ ಬಾಡಿತ್ತು.

"ಮಾವ, ಲಿಚೆಸ್‌ನಲ್ಲಿ ನನ್ನ ರೇಟಿಂಗ್ 1470. ಚೆಸ್ ಡಾಟ್ ಕಾಮ್‌ನಲ್ಲಿ 840. ಯಾವುದು ಸರಿ?"

ಎರಡೂ ಇಂಟರ್ನೆಟ್ಟಿನಲ್ಲಿ ಚೆಸ್ ಆಡುವ ಸೈಟುಗಳು. ರೇಟಿಂಗ್ ಎಂದರೆ ಆಟಗಾರನ ಬಲ ಎಷ್ಟು ಎಂದು ಹೇಳುವ ಅಂಕಿ. ವಿಷಯ ಏನೆಂದರೆ, ಒಂದು ಚೆಸ್ ಶಿಬಿರದಲ್ಲಿ ಯಾರೋ ದೊಡ್ಡವರು "840 ಇಟ್ಟುಕೊಂಡು ಟೂರ್ನಮೆಂಟಿಗೆ ಬರ್ತೀಯಾ?" ಎಂದಿದ್ದರಂತೆ. ನನಗೆ ನಿಜವಾಗಿ ಸಿಟ್ಟು ಬಂತು. ಲೆಕ್ಕ ಗೊತ್ತಿಲ್ಲದೆ ಮಕ್ಕಳಿಗೆ ಹೀಗೆ ಹೇಳಬಾರದು.

ನಾನು ಗಣಿತದ ಮಾಷ್ಟ್ರು. ಲಿಚೆಸ್‌ನಲ್ಲಿ ರೇಟಿಂಗ್ ಹಂಚಿಕೆಯ ಗ್ರಾಫ್ ಇದೆ, ಅದನ್ನು ತೆಗೆದು ತೋರಿಸಿದೆ. ಆ ವಾರ ಆಡಿದವರನ್ನೆಲ್ಲ ಸೇರಿಸಿ ಬಿಡಿಸಿದ ಗುಡ್ಡೆ ಅದು. ಅಲ್ಲಿ ಎಲ್ಲರೂ 1500ರಿಂದ ಶುರು ಮಾಡುತ್ತಾರೆ. ಆಟ ಕಡಿಮೆ ಆಗಿದ್ದರೆ ಅಂಕಿಯ ಪಕ್ಕ ಪ್ರಶ್ನೆಚಿಹ್ನೆ ಇರುತ್ತದೆ, ಇನ್ನೂ ಗಟ್ಟಿಯಾಗಿಲ್ಲ ಅಂತ. ಚೆಸ್ ಡಾಟ್ ಕಾಮ್‌ನಲ್ಲಿ ಹಾಗಲ್ಲ. ಸೇರುವಾಗಲೇ ನಿನ್ನ ಮಟ್ಟ ಯಾವುದು ಎಂದು ಕೇಳುತ್ತಾರೆ. ಹೊಸಬರು ತುಂಬಾ ಕೆಳಗಿನಿಂದ ಶುರು ಮಾಡಬಹುದು. ಅದಕ್ಕೇ ಅಲ್ಲಿನ ಸರಾಸರಿ 1000ಕ್ಕಿಂತ ಎಷ್ಟೋ ಕೆಳಗೆ. 840 ಅಂದರೆ ಅಲ್ಲಿ ಅರ್ಧಕ್ಕಿಂತ ಮೇಲಿನ ಜಾಗ!

ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆಗ ಅರ್ಪಾಡ್ ಎಲೋ ಅವರ ರೇಟಿಂಗ್ ಲೆಕ್ಕ ಹೇಳಿದೆ. ಅಮೆರಿಕದಲ್ಲಿ ಫಿಸಿಕ್ಸ್ ಕಲಿಸುತ್ತಿದ್ದವರು. ಅವರ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರಲ್ಲಿ ಲೆಕ್ಕಕ್ಕೆ ಬರುವುದು ಇಬ್ಬರ ನಡುವಿನ ಅಂತರ ಮಾತ್ರ. 200 ಅಂತರ ಇದ್ದರೆ ಮೇಲಿನವನಿಗೆ 100 ಆಟಕ್ಕೆ ಸುಮಾರು 76 ಅಂಕ (ಗೆದ್ದರೆ ಒಂದು, ಡ್ರಾ ಆದರೆ ಅರ್ಧ). 1000 ಮತ್ತು 1200 ಆದರೂ ಅಷ್ಟೇ, 2000 ಮತ್ತು 2200 ಆದರೂ ಅಷ್ಟೇ. ಎಲ್ಲರಿಗೂ 1000 ಕೂಡಿಸಿಬಿಟ್ಟರೂ ಏನೂ ಬದಲಾಗುವುದಿಲ್ಲ. ಇವತ್ತಿನ ಸೈಟುಗಳದ್ದು ಮಾರ್ಕ್ ಗ್ಲಿಕ್‌ಮನ್ ಅವರ ಗ್ಲಿಕೋ ಲೆಕ್ಕ, ಆದರೂ ಈ ಮಾತು ಹಾಗೆಯೇ ನಿಲ್ಲುತ್ತದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಹೇಳಿದ: "ಬಾವಿಯ ಹಾಗೆ ಅಲ್ವಾ ಮಾವ? ನಮ್ಮ ಗುಡ್ಡೆಯ ಬಾವಿ 20 ಕೋಲು ಆಳ, ನಿಮ್ಮ ಬೈಲಿನದ್ದು 6 ಕೋಲು. ಕಟ್ಟೆಯಿಂದ ಅಳೆದದ್ದಲ್ವಾ?"

ಇಷ್ಟು ವರ್ಷ ಪಾಠ ಮಾಡಿದ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ. ತುಂಬಾ ಖುಷಿಯಾಯಿತು.

ಫಿಡೆಯದ್ದು ಮತ್ತೊಂದು ಕಟ್ಟೆ ಎಂದೂ ಹೇಳಿದೆ. 2024ರ ಮಾರ್ಚ್‌ನಿಂದ ಅಲ್ಲಿ ಕನಿಷ್ಠ ರೇಟಿಂಗೇ 1400. ಅದಕ್ಕಿಂತ ಕೆಳಗಿನವರು ಪಟ್ಟಿಯಲ್ಲೇ ಇಲ್ಲ, ಗುಡ್ಡೆಯ ಎಡಗಡೆ ಕಡಿದು ಹಾಕಿದ ಹಾಗೆ. ಆ 1400ನ್ನು ಮೊಬೈಲಿನ 1400ರ ಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ.

ಮುಂದಿನ ಟೂರ್ನಮೆಂಟಿಗೆ ಅವನ ಹೆಸರು ಕೊಟ್ಟಿದ್ದೇನೆ. ಕರೆದುಕೊಂಡು ಹೋಗುವುದೂ ನಾನೇ.