ಹಿಂದಿನ ಕೋಣೆಗೆ ನೆಟ್: ಎರಡು ಲಿನಕ್ಸ್ ಕಂಪ್ಯೂಟರ್, ಒಂದು ಕೇಬಲ್

ಮೊದಲು ಕೆಲಸ ಎಲ್ಲಿಗೆ ಬಂತು ಅಂತ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್‌ಗೆ ಸಿಗುವ ವೈಫೈಯನ್ನು ಕೇಬಲ್ ಮೂಲಕ ಹಿಂದಿನ ಕೋಣೆಯ ಡೆಸ್ಕ್‌ಟಾಪ್‌ಗೆ ಕೊಟ್ಟಾಗಿದೆ. ರೀಬೂಟ್ ಮಾಡಿದರೂ ತಾನಾಗಿಯೇ ಎದ್ದು ಬರುತ್ತದೆ. ಇದಕ್ಕೆ ಒಂದು ಆಯ್ಕೆ ಒತ್ತಿದರೆ ಮುಗಿಯಿತು ಅಂತ ಎಲ್ಲರೂ ಹೇಳುವುದುಂಟು, ಅದು ಸುಳ್ಳೇನಲ್ಲ. ಆದರೆ ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಇದ್ದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಯಾಕೆ ಮುಗಿಯುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇಡೀ ಕೆಲಸದಲ್ಲಿ ತಲೆ ತಿಂದದ್ದು ಅದೊಂದೇ.

ಮನೆ ಇರುವುದು ಉಡುಪಿಯ ಅಂಬಲಪಾಡಿಯಲ್ಲಿ. ಹಳೇ ಬಾಡಿಗೆ ಮನೆ, ಎಲ್ಲ ಕೆಂಪುಕಲ್ಲಿನ ಗೋಡೆ. ರೂಟರ್ ಚಾವಡಿಯಲ್ಲಿ. ನಡುಕೋಣೆಯವರೆಗೆ ವೈಫೈ ಚೆನ್ನಾಗಿ ಬರುತ್ತದೆ. ಅಡುಗೆಮನೆ ದಾಟಿದ ಮೇಲೆ 5 ಗಿಗಾಹರ್ಟ್ಸ್ ಪೂರ್ತಿ ಮಾಯ, 2.4 ಮಾತ್ರ ಒಂದು ಗೀಟು ತೋರಿಸುತ್ತದೆ, ಅದೂ ಬಾಗಿಲು ತೆರೆದಿದ್ದರೆ. ತಮ್ಮನ ಡೆಸ್ಕ್‌ಟಾಪ್ ಇರುವುದು ಅಲ್ಲೇ, ಮತ್ತು ಅದಕ್ಕೆ ವೈಫೈ ಕಾರ್ಡೇ ಇಲ್ಲ.

ರೂಟರ್‌ನಿಂದ ನೇರ ಕೇಬಲ್ ಎಳೆಯಬಹುದಲ್ವಾ ಅಂತ ನೀವು ಕೇಳಬಹುದು. ಅದೇ ಸರಿಯಾದ ದಾರಿ, ಸಾಧ್ಯವಿದ್ದವರು ಅದನ್ನೇ ಮಾಡಿ, ಮುಂದೆ ಓದುವುದೂ ಬೇಡ. ಇಲ್ಲಿ ಗೋಡೆಗೆ ತೂತು ಹೊಡೆಯಲು ಓನರ್ ಒಪ್ಪುವುದಿಲ್ಲ, ಹೇಳಿ ನೋಡಿಯಾಯಿತು. ನಡುಕೋಣೆಯಿಂದ ಹಿಂದಿನ ಕೋಣೆಗಾದರೆ ಬಾಗಿಲ ಮೇಲಿನ ವೆಂಟಿಲೇಟರ್ ಉಂಟು, ಕೇಬಲ್ ಅದರೊಳಗೆ ಸುಲಭವಾಗಿ ನುಸುಳುತ್ತದೆ. ಯುಎಸ್‌ಬಿ ವೈಫೈ ಡಾಂಗಲ್ ತರುವ ಯೋಚನೆಯೂ ಇತ್ತು. ಆದರೆ ಆ ಕೋಣೆಗೆ ಸಿಗ್ನಲ್ಲೇ ಸರಿಯಾಗಿ ಬರುವುದಿಲ್ಲ ಅಂದಮೇಲೆ ಡಾಂಗಲ್ ಎಂತ ಮಾಡುತ್ತದೆ? ಅಗ್ಗದ ಡಾಂಗಲ್‌ಗಳಲ್ಲಿ ಚಿಪ್ ಯಾವುದು ಅಂತ ಡಬ್ಬದ ಮೇಲೆ ಬರೆದಿರುವುದಿಲ್ಲ, ಕೆಲವಕ್ಕೆ ಡ್ರೈವರನ್ನು ಹೊರಗಿನಿಂದ ತಂದು ಕಟ್ಟಬೇಕು, ಕರ್ನೆಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಅದೇ ಪಾಡು.

ಶನಿವಾರ ರಾತ್ರಿ, ಕೇಬಲ್

ಎರಡೂ ಕಂಪ್ಯೂಟರ್‌ನಲ್ಲಿ ಇರುವುದು ಡೆಬಿಯನ್ 12 ಅನ್ನುವ ಲಿನಕ್ಸ್. ನನ್ನ ತೆಳು ಲ್ಯಾಪ್‌ಟಾಪ್‌ಗೆ ಲ್ಯಾನ್ ಪೋರ್ಟ್ ಇಲ್ಲ, ಹಾಗಾಗಿ ಯುಎಸ್‌ಬಿ ಅಡಾಪ್ಟರ್. ಅದರ ಚಿಪ್ ಆರ್‌ಟಿಎಲ್ 8153, ಡ್ರೈವರ್ ಕರ್ನೆಲ್‌ನಲ್ಲೇ ಇದೆ, ಸಿಕ್ಕಿಸಿದ ಕೂಡಲೇ ಬಂತು. ಕ್ರಾಸ್ ಕೇಬಲ್ ಬೇಕು ಅಂತ ಹಳೇ ಲೇಖನಗಳಲ್ಲಿ ಇರುತ್ತದೆ, ಈಗ ಬೇಡ. ಎರಡು ತುದಿಯಲ್ಲಿ ಒಂದಾದರೂ ಗಿಗಾಬಿಟ್ ಪೋರ್ಟ್ ಆಗಿದ್ದರೆ ಅದೇ ತಂತಿಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಡೆಸ್ಕ್‌ಟಾಪ್‌ನ ಹಳೇ ಪೋರ್ಟ್ 100 ಎಂಬಿಪಿಎಸ್‌ನದ್ದು. ನಮ್ಮ ಪ್ಲಾನೇ 50 ಇರುವಾಗ ಅದರ ಚಿಂತೆ ಯಾರಿಗೆ.

ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸಾಧನಗಳಿಗೆ ಲಿನಕ್ಸ್ ಇಟ್ಟ ಹೆಸರುಗಳನ್ನು ನೋಡಿಟ್ಟುಕೊಂಡೆ. ಡಬ್ಲ್ಯುಎಲ್‌ಪಿ ಅಂತ ಶುರುವಾಗುವುದು ವೈಫೈ. ಇಎನ್‌ಎಕ್ಸ್ ಅಂತ ಶುರುವಾಗಿ ಬಾಲದಲ್ಲಿ ಮ್ಯಾಕ್ ವಿಳಾಸ (ಸಾಧನದ ಸ್ವಂತ ಗುರುತಿನ ಸಂಖ್ಯೆ) ಇರುವುದು ಯುಎಸ್‌ಬಿ ಅಡಾಪ್ಟರ್. ಮ್ಯಾಕ್ ವಿಳಾಸವೇ ಹೆಸರಾಗಿರುವುದರಿಂದ ಯಾವ ಪೋರ್ಟ್‌ಗೆ ಚುಚ್ಚಿದರೂ ಹೆಸರು ಬದಲಾಗುವುದಿಲ್ಲ. ಇದು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಆದಿತ್ಯವಾರ, ಕೈಯಾರೆ

ರೆಡಿಮೇಡ್ ಆಯ್ಕೆ ಒತ್ತುವ ಮೊದಲು ಎಲ್ಲವನ್ನೂ ಕೈಯಿಂದಲೇ ಮಾಡಿ ನೋಡುವ ಅಂತ ಕೂತೆ. ಲ್ಯಾಪ್‌ಟಾಪ್‌ನ ಕೇಬಲ್ ಬದಿಗೆ 192.168.50.1, ಡೆಸ್ಕ್‌ಟಾಪ್‌ಗೆ 192.168.50.2, ಡೆಸ್ಕ್‌ಟಾಪ್‌ನ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, ಲ್ಯಾಪ್‌ಟಾಪೇ. ರೂಟರ್‌ನ ವೈಫೈ 192.168.1ರಲ್ಲಿದೆ, ಎರಡೂ ಬೇರೆ ಬೇರೆ ಇರಲೇಬೇಕು. ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಪಿಂಗ್ (ತಲುಪುತ್ತದಾ ಅಂತ ನೋಡುವ ಸಣ್ಣ ಸಂದೇಶ) ಹೋಯಿತು. ಇಂಟರ್ನೆಟ್‌ನಲ್ಲಿರುವ ಗೂಗಲ್‌ನ 8.8.8.8ಕ್ಕೆ ಹೋಗಲಿಲ್ಲ. ಹೋಗಬಾರದು ಕೂಡ, ಲಿನಕ್ಸ್ ಸುಮ್ನೆ ಇನ್ನೊಬ್ಬರ ಪ್ಯಾಕೆಟ್ (ಡೇಟಾದ ತುಣುಕು) ಸಾಗಿಸುವುದಿಲ್ಲ. ಸಿಸ್‌ಕಂಟ್ರೋಲ್ ಅನ್ನುವ ಕರ್ನೆಲ್ ಸೆಟ್ಟಿಂಗ್‌ಗಳಲ್ಲಿ ಐಪಿ ಫಾರ್ವರ್ಡ್ ಅನ್ನುವುದನ್ನು 1 ಮಾಡಬೇಕು.

ಮಾಡಲು ಹೋದರೆ ಅದು ಆಗಲೇ 1!

ಯಾರು ಮಾಡಿದ್ದು? ಡಾಕರ್. ಕಂಟೇನರ್‌ಗಳಿಗೆ ನೆಟ್ ಬೇಕಲ್ಲ, ಅದಕ್ಕೆ ಅದು ಶುರುವಾಗುವಾಗಲೇ ಫಾರ್ವರ್ಡಿಂಗ್ ಆನ್ ಮಾಡುತ್ತದೆ. ಹಾಗಾದರೆ ಪ್ಯಾಕೆಟ್ ಯಾಕೆ ಹೋಗುತ್ತಿಲ್ಲ? ಲ್ಯಾಪ್‌ಟಾಪ್‌ನಲ್ಲಿ ಎರಡು ಟರ್ಮಿನಲ್ ತೆರೆದು ಒಂದರಲ್ಲಿ ಕೇಬಲ್ ಬದಿಗೆ, ಇನ್ನೊಂದರಲ್ಲಿ ವೈಫೈ ಬದಿಗೆ ಹೋಗಿಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಕೇಬಲ್ ಬದಿಯಲ್ಲಿ ಸೆಕೆಂಡಿಗೊಂದು ಸಾಲು ಬೀಳುತ್ತಿದೆ, 50.2ರಿಂದ 8.8.8.8ಕ್ಕೆ ಪಿಂಗ್. ವೈಫೈ ಬದಿಯಲ್ಲಿ ಖಾಲಿ ಪರದೆ, ಕರ್ಸರ್ ಮಾತ್ರ ಮಿಟುಕುತ್ತಿದೆ. ಅಂದರೆ ಒಳಗೆ ಬಂದದ್ದು ಒಳಗೇ ಸಾಯುತ್ತಿದೆ. ಆಮೇಲೆ ಐಪಿಟೇಬಲ್ಸ್ ಅನ್ನುವ ಫೈರ್‌ವಾಲ್‌ನಲ್ಲಿ ಫಾರ್ವರ್ಡ್ ಚೈನ್ (ಸಾಗಿಸುವ ಪ್ಯಾಕೆಟ್‌ಗಳ ನಿಯಮಪಟ್ಟಿ) ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಇದೆ ಉತ್ತರ: ಪಾಲಿಸಿ ಡ್ರಾಪ್, ಅಂದರೆ ಯಾವ ನಿಯಮವೂ ಅನುಮತಿ ಕೊಡದ್ದನ್ನು ಬಿಸಾಡು. ಪಕ್ಕದಲ್ಲಿ ಪ್ಯಾಕೆಟ್ ಲೆಕ್ಕ. ತಮ್ಮನಿಗೆ ಪಿಂಗ್ ನಿಲ್ಲಿಸಲು ಹೇಳಿದೆ, ಲೆಕ್ಕ ನಿಂತಿತು. ಪುನಃ ಶುರು ಮಾಡು ಅಂದೆ, ಒಂದೊಂದಾಗಿ ಏರತೊಡಗಿತು.

ಡಾಕರ್ ಹೀಗೆ ಮಾಡುವುದಕ್ಕೆ ಕಾರಣ ಉಂಟು, ಮತ್ತು ಅದು ಒಳ್ಳೆಯ ಕಾರಣವೇ. ತಾನು ಫಾರ್ವರ್ಡಿಂಗ್ ಆನ್ ಮಾಡಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಊರಿನವರಿಗೆಲ್ಲ ರೂಟರ್ ಆಗಿಬಿಡಬಾರದು. ಅದಕ್ಕೆ ತನ್ನ ಕಂಟೇನರ್‌ಗಳದ್ದು ಬಿಟ್ಟು ಉಳಿದದ್ದಕ್ಕೆಲ್ಲ ಬಾಗಿಲು ಹಾಕುತ್ತದೆ. ನಮ್ಮಂಥವರಿಗಾಗಿ ಡಾಕರ್‌-ಯೂಸರ್ ಅಂತ ಒಂದು ಪ್ರತ್ಯೇಕ ಚೈನ್ ಕೂಡ ಇಟ್ಟಿದೆ. ಫಾರ್ವರ್ಡ್‌ನೊಳಗೆ ಮೊದಲು ನೋಡುವುದು ಅದನ್ನೇ, ಅದರಲ್ಲಿ ನಾವು ಬರೆದದ್ದನ್ನು ಡಾಕರ್ ಮುಟ್ಟುವುದಿಲ್ಲ. ಅಲ್ಲಿ ಎರಡು ನಿಯಮ ಸೇರಿಸಿದೆ. ಕೇಬಲ್ ಬದಿಯಿಂದ ಒಳಗೆ ಬರುವುದಕ್ಕೆ ಅನುಮತಿ, ಕೇಬಲ್ ಬದಿಗೆ ವಾಪಸ್ ಹೋಗುವುದರಲ್ಲಿ ಆಗಲೇ ಶುರುವಾದ ಸಂಪರ್ಕಗಳ ಉತ್ತರಗಳಿಗೆ ಮಾತ್ರ ಅನುಮತಿ.

ಈಗ ವೈಫೈ ಬದಿಯ ಟರ್ಮಿನಲ್‌ನಲ್ಲೂ ಸಾಲು ಬೀಳತೊಡಗಿತು. ಆದರೂ ಉತ್ತರ ಇಲ್ಲ. ನೋಡಿದರೆ ಪ್ಯಾಕೆಟ್ ಹೊರಗೆ ಹೋಗುತ್ತಿರುವುದು 50.2 ಅನ್ನುವ ವಿಳಾಸ ಹೊತ್ತುಕೊಂಡೇ. ಅಂಥದ್ದೊಂದು ನೆಟ್‌ವರ್ಕ್ ಇದೆ ಅಂತ ರೂಟರ್‌ಗೆ ಗೊತ್ತೇ ಇಲ್ಲ, ಉತ್ತರ ಎಲ್ಲಿಗೆ ಕಳಿಸುತ್ತದೆ ಪಾಪ. ಮಾಸ್ಕರೇಡ್ ಬೇಕಾಗುವುದು ಇಲ್ಲಿ. ಹಾಸ್ಟೆಲ್ ಹುಡುಗರು ಊರಿಗೆ ಬರೆದ ಕಾಗದದಲ್ಲಿ ವಾರ್ಡನ್ ಹೆಸರಿನ ಕೇರಾಫ್ ಹಾಕುತ್ತಿದ್ದರಲ್ಲ, ಅದೇ ಥರ. ಹೊರಗಿನವರಿಗೆ ಕಾಣುವುದು ಲ್ಯಾಪ್‌ಟಾಪ್‌ನ ವಿಳಾಸ ಮಾತ್ರ. ಉತ್ತರ ಬಂದಾಗ ಯಾರದ್ದು ಅಂತ ಲ್ಯಾಪ್‌ಟಾಪೇ ತನ್ನ ಪಟ್ಟಿ ನೋಡಿ ಒಳಗೆ ಕೊಡುತ್ತದೆ. ವಿಳಾಸ ಬದಲಿಸುವ ನ್ಯಾಟ್ ಟೇಬಲ್‌ನ ಪೋಸ್ಟ್‌ರೌಟಿಂಗ್ ಚೈನ್‌ನಲ್ಲಿ ಒಂದು ಸಾಲು ಹಾಕಿದ ಕೂಡಲೇ ಹಿಂದಿನ ಕೋಣೆಯಿಂದ "ಅಣ್ಣ, ಬಂತು ಬಂತು" ಅಂತ ಕೂಗು. ಡಿಎನ್‌ಎಸ್‌ಗೆ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು) ರೂಟರ್‌ನ ವಿಳಾಸವನ್ನೇ ಕೊಟ್ಟೆ, ಬ್ರೌಸರ್ ಕೂಡ ತೆರೆಯಿತು.

ವಾರದ ನಡುವೆ, ರೆಡಿಮೇಡ್‌ಗೆ ವಾಪಸ್

ಕೈಯಾರೆ ಮಾಡಿದ್ದು ತಿಳಿದುಕೊಳ್ಳುವುದಕ್ಕೆ ಚಂದ, ದಿನಾ ಬಳಸುವುದಕ್ಕೆ ಅಲ್ಲ. ಹಾಗಾಗಿ ಎಲ್ಲ ಅಳಿಸಿ, ನೆಟ್ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ನ ಕನೆಕ್ಷನ್ ಎಡಿಟರ್ ತೆರೆದೆ. ಯುಎಸ್‌ಬಿ ಅಡಾಪ್ಟರ್‌ನ ಕನೆಕ್ಷನ್‌ನಲ್ಲಿ ಐಪಿವಿ4 ಪುಟಕ್ಕೆ ಹೋಗಿ 'ಶೇರ್ಡ್ ಟು ಅದರ್ ಕಂಪ್ಯೂಟರ್ಸ್' ಆರಿಸಿದರೆ ಆಯಿತು. ಅದು ಆ ಬದಿಗೆ 10.42.0.1 ಕೊಡುತ್ತದೆ, ಡಿಎನ್‌ಎಸ್‌ಮಾಸ್ಕ್ ಅನ್ನುವ ಪ್ರೋಗ್ರಾಂ ಓಡಿಸಿ ಡೆಸ್ಕ್‌ಟಾಪ್‌ಗೆ ವಿಳಾಸವನ್ನೂ ಡಿಎನ್‌ಎಸ್ಸನ್ನೂ ಕೊಡುತ್ತದೆ, ಮಾಸ್ಕರೇಡ್ ಕೂಡ ತಾನೇ ಹಾಕುತ್ತದೆ. ಡೆಸ್ಕ್‌ಟಾಪ್ ಬದಿಯಲ್ಲಿ 'ಆಟೋಮ್ಯಾಟಿಕ್' ಇದ್ದರೆ ಸಾಕು, ಬೇರೆ ಎಂತದೂ ಬೇಡ.

ಆದರೆ ಡಾಕರ್‌ನ ಡ್ರಾಪ್ ಹಾಗೆಯೇ ಉಂಟಲ್ಲ. ಡೆಬಿಯನ್ 2019ರಲ್ಲಿ ಬಂದ 10ನೇ ಆವೃತ್ತಿಯಿಂದ ಐಪಿಟೇಬಲ್ಸ್‌ನ ಹೊಸ ತಲೆಮಾರಾದ ಎನ್‌ಎಫ್‌ಟೇಬಲ್ಸ್‌ಗೆ ಬದಲಾಗಿದೆ. ನೆಟ್‌ವರ್ಕ್ ಮ್ಯಾನೇಜರ್ ಅದರಲ್ಲಿ ತನ್ನದೇ ಬೇರೆ ಟೇಬಲ್ ಮಾಡಿಕೊಳ್ಳುತ್ತದೆ. ಅದರ ಟೇಬಲ್ 'ಹೋಗಲಿ' ಅಂದರೂ ಡಾಕರ್‌ನ ಟೇಬಲ್ 'ಬೇಡ' ಅಂದರೆ ಪ್ಯಾಕೆಟ್ ಸತ್ತಂತೆಯೇ, ಎಲ್ಲರೂ ಒಪ್ಪಿದರೆ ಮಾತ್ರ ಅದು ಬದುಕುತ್ತದೆ. ಆದ್ದರಿಂದ ಡಾಕರ್‌-ಯೂಸರ್‌ನ ಆ ಎರಡು ನಿಯಮ ಈಗಲೂ ಬೇಕು. ಒಂದು ಚಿಕ್ಕ ಸಿಸ್ಟಮ್‌ಡಿ ಸರ್ವಿಸ್ (ಬೂಟ್ ಆಗುವಾಗ ತಾನಾಗಿ ಓಡುವ ಕೆಲಸ) ಬರೆದು, ಡಾಕರ್ ಶುರುವಾದ ಮೇಲೆಯೇ ಓಡುವ ಹಾಗೆ ಹಾಕಿದ್ದೇನೆ. ಮೊದಲೇ ಓಡಿದರೆ ಆ ಚೈನ್ ಇನ್ನೂ ಹುಟ್ಟಿರುವುದೇ ಇಲ್ಲ. ಡಾಕರ್ ಇಲ್ಲದವರು ಇದನ್ನೆಲ್ಲ ಬಿಟ್ಟುಬಿಡಿ.

ನಿಯಮದಲ್ಲಿ ವೈಫೈಯ ಹೆಸರು ಬೇಕಂತಲೇ ಬರೆದಿಲ್ಲ, ಕೇಬಲ್ ಬದಿಯ ಹೆಸರು ಮಾತ್ರ ಇದೆ. ಮಳೆಗಾಲದಲ್ಲಿ ಇಲ್ಲಿ ಫೈಬರ್ ಮೇಲೆ ತೆಂಗಿನ ಮಡಲು ಬಿದ್ದು ನೆಟ್ ಹೋಗುವುದು ಮಾಮೂಲು. ಆಗ ಫೋನನ್ನು ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಟೆದರ್ ಮಾಡಿದರೆ ಡೆಸ್ಕ್‌ಟಾಪ್‌ಗೂ ಅದರಿಂದಲೇ ನೆಟ್ ಸಿಗುತ್ತದೆ, ಯಾವ ಸೆಟ್ಟಿಂಗೂ ಮುಟ್ಟಬೇಕಾಗಿಲ್ಲ. ವೈಫೈ ಆಫ್ ಮಾಡಿ ಪರೀಕ್ಷೆ ಮಾಡಿದೆ, ಸರಿ ಇದೆ. ಡೇಟಾ ಬೇಗ ಖಾಲಿಯಾಗದ ಹಾಗೆ ಲ್ಯಾಪ್‌ಟಾಪ್‌ನಲ್ಲಿ ಇಳಿಸಿದ ಪ್ಯಾಕೇಜ್‌ಗಳನ್ನು ಉಳಿಸಿಡುವ ಆಪ್ಟ್-ಕ್ಯಾಷರ್-ಎನ್‌ಜಿ ಕೂಡ ಹಾಕಿದೆ, 3142ನೇ ಪೋರ್ಟ್. ಎರಡೂ ಒಂದೇ ಡೆಬಿಯನ್ ಆದ್ದರಿಂದ ನಾನು ಇಳಿಸಿದ ಪ್ಯಾಕೇಜ್ ತಮ್ಮನಿಗೆ ಪುನಃ ಇಳಿಸಬೇಕಾಗಿಲ್ಲ. ಎಚ್‌ಟಿಟಿಪಿ ರೆಪೊಗಳಿಗೆ (ಪ್ಯಾಕೇಜ್ ಸಿಗುವ ಸರ್ವರ್‌ಗಳಿಗೆ) ಇದು ಹಾಗೆಯೇ ನಡೆಯುತ್ತದೆ. ಎಚ್‌ಟಿಟಿಪಿಎಸ್ ಆದರೆ ಹಾದು ಹೋಗಲು ಅದರ ಕಾನ್ಫಿಗ್‌ನಲ್ಲಿ ಅನುಮತಿ ಕೊಡಬೇಕು, ಆಗಲೂ ಉಳಿಯುವುದಿಲ್ಲ.

ಮುಚ್ಚಳ ಮತ್ತು ಸಿಡಿಲು

ಲ್ಯಾಪ್‌ಟಾಪ್ ಮುಚ್ಚಿದರೆ ನಿದ್ದೆ ಹೋಗುತ್ತದೆ, ಹಿಂದಿನ ಕೋಣೆಯಿಂದ "ಅಣ್ಣ, ನೆಟ್ ಹೋಯ್ತು!" ಶುರುವಾಗುತ್ತದೆ. ಮುಚ್ಚಳ ಮುಚ್ಚಿದ್ದನ್ನು ಗಮನಿಸುವ ಲಾಗಿನ್‌ಡಿಯ ಕಾನ್ಫಿಗ್‌ನಲ್ಲಿ ಚಾರ್ಜರ್ ಇರುವಾಗ ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಅಂತ ಹೇಳಲು ಬೇರೆಯೇ ಒಂದು ಸಾಲು ಇದೆ, ಅದನ್ನು 'ಇಗ್ನೋರ್' ಮಾಡಿದೆ. ಬ್ಯಾಟರಿಯಲ್ಲಿದ್ದರೆ ಎಂದಿನಂತೆ ನಿದ್ದೆ.

ಸಿಡಿಲಿಗೆ ಮಾತ್ರ ಸೆಟ್ಟಿಂಗ್ ಇಲ್ಲ ಮಾರಾಯ್ರೆ. ಮಳೆ ಶುರುವಾಗುವ ಮುಂಚಿನ ಗುಡುಗಿನಲ್ಲಿ ಈ ಕಡೆ ಟಿವಿ, ಮಿಕ್ಸಿ, ಮೋಡೆಮ್ ಎಲ್ಲದರ ಪ್ಲಗ್ ಕಿತ್ತಿಡುವುದು ಪ್ರತಿ ಮನೆಯಲ್ಲೂ ಇದ್ದದ್ದೇ. ರೂಟರ್‌ಗೆ ಬರುವ ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಲ್ಯಾನ್ ಕೇಬಲ್ ತಾಮ್ರ. ಡೆಸ್ಕ್‌ಟಾಪ್‌ನ ಪವರ್ ಮೂಲಕ ಬಂದದ್ದು ಕೇಬಲ್ ಹಿಡಿದು ಲ್ಯಾಪ್‌ಟಾಪ್‌ವರೆಗೆ ಬರಬಹುದು. ಆದ್ದರಿಂದ ಪ್ಲಗ್ ಕೀಳುವಾಗ ಈ ಕೇಬಲ್ಲನ್ನೂ ಕಿತ್ತಿಡುವುದು ಅಂತ ಅಮ್ಮನಿಗೂ ಹೇಳಿಟ್ಟಿದ್ದೇನೆ. ಮತ್ತೆ ಚುಚ್ಚಿದರೆ ನೆಟ್‌ವರ್ಕ್ ಮ್ಯಾನೇಜರ್ ಶೇರಿಂಗನ್ನು ತಾನೇ ಎಬ್ಬಿಸುತ್ತದೆ. ಅಡಾಪ್ಟರ್‌ನ ಹೆಸರು ಬದಲಾಗದ್ದರಿಂದ ಫೈರ್‌ವಾಲ್ ನಿಯಮವೂ ಹಾಗೆಯೇ ಹಿಡಿಯುತ್ತದೆ.

ಬಾಕಿ ಉಳಿದದ್ದು

ಡೆಸ್ಕ್‌ಟಾಪ್‌ನಿಂದ ಚಾವಡಿಯ ಪ್ರಿಂಟರ್‌ಗೆ ಐಪಿ ವಿಳಾಸ ಕೊಟ್ಟು ಪ್ರಿಂಟ್ ತೆಗೆಯಬಹುದು, ತಾನಾಗಿ ಹುಡುಕಿ ಕಾಣಿಸುವುದಿಲ್ಲ. ಆ ಕಡೆಯಿಂದ ಡೆಸ್ಕ್‌ಟಾಪ್‌ಗೆ ಬರಲು ಆಗುವುದಿಲ್ಲ, ಮಾಸ್ಕರೇಡ್ ಅಂದರೆ ಒಂದೇ ಕಡೆಯ ದಾರಿ. ಸದ್ಯಕ್ಕೆ ಲ್ಯಾಪ್‌ಟಾಪ್ ಮೂಲಕ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವುದು) ಹಾರಿ ಹೋಗುತ್ತಿದ್ದೇನೆ. ಬ್ರಿಡ್ಜ್ ಮಾಡಿದರೆ (ಎರಡೂ ಬದಿಯನ್ನು ಒಂದೇ ನೆಟ್‌ವರ್ಕ್ ಆಗಿ ಸೇರಿಸಿದರೆ) ಈ ತಾಪತ್ರಯ ಇರುವುದಿಲ್ಲವಲ್ಲ ಅಂತ ಕೆಲವರು ಹೇಳಿದರು. ಆದರೆ ಮಾಮೂಲಿ ವೈಫೈ ಕ್ಲೈಂಟನ್ನು ಬ್ರಿಡ್ಜ್‌ಗೆ ಸೇರಿಸಲು ಬರುವುದಿಲ್ಲ, ಒಂದು ಮ್ಯಾಕ್ ವಿಳಾಸದ ಹಿಂದೆ ಇನ್ನೊಂದನ್ನು ಆಕ್ಸೆಸ್ ಪಾಯಿಂಟ್ ಒಪ್ಪುವುದಿಲ್ಲ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಹಂಚಿಲ್ಲ, ತಮ್ಮ ಕೇಳಿಯೂ ಇಲ್ಲ. ಕೇಬಲ್ ಈಗ ವೆಂಟಿಲೇಟರ್‌ನಿಂದ ನೇತಾಡುತ್ತಿದೆ, ಅದಕ್ಕೆ ಕ್ಲಿಪ್ ಹೊಡೆಯಲು ಓನರ್ ಹತ್ತಿರ ಇನ್ನೂ ಕೇಳಬೇಕು.