ವಿಷವಿಲ್ಲದೆ ಇಲಿ ಹತೋಟಿ: ಮೃಗಶಿರದಿಂದ ಆಶ್ಲೇಷದವರೆಗೆ

ಮೃಗಶಿರ ಮಳೆ

ಮಳೆ ಹಿಡಿದ ಮೂರನೇ ರಾತ್ರಿಗೇ ಅಟ್ಟದ ಮೇಲೆ ಓಡಾಟ ಶುರುವಾಯಿತು. ಹೋದ ವರ್ಷ ಅಂಗಡಿಯಿಂದ ಇಲಿ ಪಾಷಾಣ ತಂದು ಇಟ್ಟಿದ್ದೆವು. ತೂರಾಡುತ್ತಿದ್ದ ಇಲಿಗಳನ್ನು ಹಿಡಿದು ತಿನ್ನುತ್ತಿದ್ದ ನಮ್ಮ ಬೆಕ್ಕು ವಸಡಿನಿಂದ ರಕ್ತ ಸೋರಿ ಕೊಟ್ಟಿಗೆಯಲ್ಲಿ ಸತ್ತಿತು. ಬ್ರೊಮಾಡಯೊಲೋನ್ ತರಹದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಸಾಯಲು ಕೆಲವು ದಿನ ಬೇಕು, ಅಷ್ಟರಲ್ಲಿ ಅದನ್ನು ತಿಂದ ಬೆಕ್ಕಿಗೂ ಗೂಬೆಗೂ ಆ ವಿಷ ದಾಟುತ್ತದೆ. ಇಲಿ ಹಿಡಿಯುವವರನ್ನೇ ಕೊಲ್ಲುವ ಮದ್ದು ಇನ್ನು ನಮ್ಮ ಮನೆಗೆ ಬರುವುದಿಲ್ಲ.

ಮೊದಲ ಕೆಲಸ, ಅವು ಎಲ್ಲಿಂದ ಬರುತ್ತವೆ ಎಂದು ನೋಡುವುದು. ಬಚ್ಚಲೊಲೆಯ ಬೂದಿ ಜರಡಿ ಹಿಡಿದು, ರಾತ್ರಿ ಗೋಡೆಗುಂಟ ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ಹೆಜ್ಜೆಗಳು ಮೂರು ಕಡೆ ಸಿಕ್ಕವು: ಪಕಾಸಿಗಳ ನಡುವೆ ಗೋಡೆಗೂ ಹಂಚಿಗೂ ಇರುವ ಸಂದಿಯ ಕೆಳಗೆ, ಬಚ್ಚಲ ನೀರು ಹೋಗುವ ತೂತು, ಹಿಂಬಾಗಿಲ ಅಡಿ.

ಆರಿದ್ರಾ ಮಳೆ

ಬಟ್ಟೆ ತುರುಕಿ ಮಣ್ಣು ಮೆತ್ತಿದ್ದು ಎರಡೇ ರಾತ್ರಿ ತಡೆಯಿತು. ಇಲಿಯ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ವಿಧಿಯಿಲ್ಲ. ಈಗ ಸಣ್ಣ ತೂತುಗಳಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿ, ಮೇಲೆ ಸಿಮೆಂಟು ಹಾಕಿದ್ದೇನೆ. ಸೂರಿನ ಸಂದಿಗೆ ಕಾಲು ಇಂಚಿನ ಕಣ್ಣಿನ ಕಬ್ಬಿಣದ ಬಲೆ ಹೊಡೆಸಿದೆ. ಕಣ್ಣು ಇದಕ್ಕಿಂತ ದೊಡ್ಡದಿದ್ದರೆ ಉಪಯೋಗವಿಲ್ಲ: ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ಚಿಟ್ಟಿಲಿ ನುಸುಳುತ್ತದೆ. ಹಿಂಬಾಗಿಲ ಅಡಿಗೆ ತಗಡಿನ ಪಟ್ಟಿ ಬಡಿದಾಯಿತು. ಮಾಡಿಗೆ ತಾಗುತ್ತಿದ್ದ ಹಲಸಿನ ಕೊಂಬೆಯನ್ನೂ ಕಡಿಸಿದೆ.

ಪುನರ್ವಸು ಮಳೆ

ಗೋಣಿಚೀಲದಲ್ಲಿದ್ದ ಅಕ್ಕಿ, ಹಿಂಡಿ ಎಲ್ಲ ಮುಚ್ಚಳದ ಡ್ರಮ್ಮಿಗೆ ಹೋಯಿತು. ಕೊಟ್ಟಿಗೆಯ ಬಾನಿಯಲ್ಲಿ ಅಕ್ಕಚ್ಚು ರಾತ್ರಿಯಿಡೀ ಉಳಿಯುತ್ತಿತ್ತು. ಅದೇ ಅವುಗಳ ಊಟವೆಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಈಗ ಸಂಜೆಯೇ ದನಕ್ಕೆ ಕುಡಿಸಿ ಬಾನಿ ಕವುಚಿ ಹಾಕುತ್ತೇವೆ.

ಒಳಗೆ ಉಳಿದವಕ್ಕೆ ಬೋನು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ, ಹಾಗಾಗಿ ನಾಲ್ಕು ರಾತ್ರಿ ಸ್ಪ್ರಿಂಗ್ ಎಳೆಯದೆ ಬರೀ ಸುಟ್ಟ ಕೊಬ್ಬರಿ ಚೂರು ಇಟ್ಟೆ. ತಿಂದುಕೊಂಡು ಹೋದವು. ಐದನೇ ರಾತ್ರಿ ಎಳೆದು, ಬೋನಿನ ಕೊಬ್ಬರಿ ಇರುವ ತುದಿ ಗೋಡೆಗೆ ತಾಗುವಂತೆ ಅಡ್ಡ ಇಟ್ಟಾಗ ಮೂರು ಬಿದ್ದವು. ಒಂಬತ್ತು ರಾತ್ರಿಗೆ ಒಟ್ಟು ಹನ್ನೊಂದು. ಅಂಟಿನ ಹಲಗೆ ಬೇಡವೆಂದೇ ಬಿಟ್ಟೆ, ಅದರಲ್ಲಿ ಸಿಕ್ಕಿದ ಜೀವ ಗಂಟೆಗಟ್ಟಲೆ ನರಳುತ್ತದೆ.

ಪಂಜರದ ಬೋನಿಗೆ ಒಂದು ಮೂಗಿಲಿಯೂ ಬಿತ್ತು. ಅತ್ತೆ ನೋಡಿದವರೇ, "ಅದು ಜಿರಲೆ ತಿಂತದೆ, ಬಿಡೆ ಅದನ್ನ" ಎಂದರು. ಮೂಗಿಲಿ ಇಲಿ ಜಾತಿಯದೇ ಅಲ್ಲ, ಹುಳಹುಪ್ಪಟೆಯೇ ಅದರ ಆಹಾರ. ಅಂಗಳದ ಆಚೆ ಬಿಟ್ಟುಬಂದೆ.

ಪುಷ್ಯ ಮಳೆ

ಅಟ್ಟ ಸ್ವಚ್ಛ ಮಾಡಿದೆ. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಇಲಿಜ್ವರ ಹಬ್ಬುವುದು ಇಲಿ ಉಚ್ಚೆಯಿಂದ. ಕೈಗವಸು ಹಾಕಿಕೊಂಡು, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆದೆ. ಮತ್ತೆ ಬೂದಿ ಉದುರಿಸಿದ್ದಕ್ಕೆ ಬೆಳಿಗ್ಗೆ ಕಂಡದ್ದು ಹಲ್ಲಿಯ ಹೆಜ್ಜೆ ಮಾತ್ರ. ಅಟ್ಟದ ಆ ಮೌನ ಕೇಳಿ ಎಷ್ಟು ನೆಮ್ಮದಿಯಾಯಿತೆಂದರೆ, ಮೂರು ರಾತ್ರಿ ಎದ್ದು ಕಿವಿಗೊಟ್ಟೆ.

ಆಶ್ಲೇಷ ಮಳೆ

ಬಚ್ಚಲ ಹಿಂದೆ ಹೆಗ್ಗಣ ಹೊಸ ಮಣ್ಣು ತೋಡಿ ಹಾಕಿದೆ. ಇದು ಅಟ್ಟ ಹತ್ತುವ ಇಲಿಯ ಹಾಗಲ್ಲ, ಪಾಯದ ಅಡಿಗೇ ಬಿಲ ತೆಗೆಯುತ್ತದೆ. ಮಳೆ ಹೊಳವಾದ ದಿನ ಗೋಡೆಗುಂಟ ಒಂದೂವರೆ ಅಡಿ ಆಳಕ್ಕೆ ಬಲೆ ಹೂತು, ಅಡಿಯ ಅಂಚನ್ನು ಹೊರಕ್ಕೆ ಮಡಚಬೇಕು. ಬಲೆ ಇನ್ನೂ ಹನ್ನೆರಡು ಅಡಿ ಬೇಕಾದೀತು, ನಾಳೆ ತರಬೇಕು.