ಬೀಳದ ಬ್ರೇಕರ್

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ, ಪಂಪ್ ಮನೆಯ ಕೇಬಲ್ಲನ್ನು ಇಲಿ ಕಡಿದಿತ್ತು. ಡೀಸೆಲ್ ಜನರೇಟರ್ ಓಡುವಾಗ ಆ ಶಾಖೆಯ ಬ್ರೇಕರ್ (ದೋಷವಾದಾಗ ಕರೆಂಟ್ ಕಡಿಯುವ ಸ್ವಿಚ್) ತಕ್ಷಣ ಬೀಳುತ್ತಿತ್ತು. ರಾತ್ರಿ ಸೌರ ಬ್ಯಾಟರಿಯ ಮೇಲಿದ್ದಾಗ ಮಾತ್ರ ಬ್ರೇಕರ್ ಅಲ್ಲಾಡದೆ ಇಡೀ ತೋಟವೇ ಕತ್ತಲು. “ಬ್ರೇಕರ್ ಕೆಟ್ಟಿದೆ ಸಾರ್” ಎಂದರು ತೋಟದ ಲೆಕ್ಕಪತ್ರ ನೋಡುವ ರೈಟರ್. ಎರಡು ಸಲ ಬದಲಿಸಿಯೂ ಆಗಿತ್ತು, ಪಾಪ.

ಬ್ರೇಕರ್ ಸರಿಯಾಗಿಯೇ ಇತ್ತು. 32 ಆಂಪಿಯರ್‌ನ ಸಿ ಮಾದರಿ ತಟ್ಟನೆ ಬೀಳಲು 5ರಿಂದ 10 ಪಟ್ಟು, ಅಂದರೆ 160ರಿಂದ 320 ಆಂಪಿಯರ್ ಬೇಕು. ಜನರೇಟರಿನಂಥ ತಿರುಗುವ ಯಂತ್ರ, ಲೈನ್ ಶಾರ್ಟ್ ಆದ ಕ್ಷಣದಲ್ಲಿ ಅಷ್ಟನ್ನು ಧಾರಾಳವಾಗಿ ಸುರಿಯುತ್ತದೆ. ಬ್ಯಾಟರಿಯ ಕರೆಂಟನ್ನು ಎಸಿ ಮಾಡಿ ಕೊಡುವ ಇನ್ವರ್ಟರ್ ಜಿಪುಣ: ತನ್ನ ಟ್ರಾನ್ಸಿಸ್ಟರ್‌ಗಳು ಸುಡದಂತೆ ಕರೆಂಟನ್ನು ಹಿಡಿದಿಡುತ್ತದೆ. ಅಲ್ಲಿನ 50 ಕಿಲೋವ್ಯಾಟ್‌ನದು ಮಾಮೂಲಿ ಪೂರ್ಣ ಹೊರೆಯ 70ರ ಬದಲು ಹೆಚ್ಚೆಂದರೆ 83 ಆಂಪಿಯರ್ ಕೊಟ್ಟು, ವೋಲ್ಟೇಜ್ ಕುಸಿಯಿತೆಂದು ಎರಡೇ ಸೆಕೆಂಡಿನಲ್ಲಿ ತಾನೇ ಮಲಗುತ್ತಿತ್ತು. ಬ್ರೇಕರಿನ ಒಳಪಟ್ಟಿ ಬಿಸಿಯಾಗಿ ಬಾಗುವಷ್ಟೂ ಸಮಯ ಸಿಗುತ್ತಿರಲಿಲ್ಲ.

ಬಿ ಮಾದರಿ ಹಾಕೋಣವೆಂದರೆ ತಟ್ಟನೆ ಬೀಳಲು ಅದಕ್ಕೂ ಕನಿಷ್ಠ 96 ಆಂಪಿಯರ್ ಬೇಕು! ದೋಷ ಭೂಮಿಗೆ ಸೋರುವಂಥದ್ದಾದ್ದರಿಂದ, ಇನ್ವರ್ಟರಿನ ನ್ಯೂಟ್ರಲ್ ಭೂಮಿಗೆ ಕಟ್ಟಿದೆಯೆಂದು ಖಚಿತಪಡಿಸಿಕೊಂಡು, 300 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ (ಅಷ್ಟು ಕರೆಂಟ್ ಭೂಮಿಗೆ ಸೋರಿದರೆ ಸಂಪರ್ಕ ಕಡಿಯುವ ಸಾಧನ) ಹಾಕಿದೆ. ಫೇಸ್‌ಗಳೆರಡು ಪರಸ್ಪರ ತಾಗಿದರೆ ಅದೂ ಸುಮ್ಮನಿರುತ್ತದೆ. ಅದಕ್ಕೇ ಕೇಬಲ್ಲನ್ನು ಕಬ್ಬಿಣದ ಪೈಪಿನೊಳಗೆ ಹಾಕಿಸಿ ಬಂದೆ.